ಪಾಠ ಪಾಯದಿಂದಲೇ ಶುರು: ಗಾಂದೊ ಶಾಲೆಯ ಪ್ರಕರಣ

ತಾವು ಓದಬೇಕಾದ ಶಾಲೆಯ ಪಾಯಕ್ಕೆ ಕಲ್ಲು ಆರಿಸಿ ತಂದವರು ಊರಿನ ಮಕ್ಕಳೇ. ಇಟ್ಟಿಗೆಗೆ ಬೇಕಾದ ನೀರನ್ನು ಹೆಂಗಸರು ಹೊತ್ತರು. ಯುವಕರು ಮಣ್ಣು ಒತ್ತಿ ಇಟ್ಟಿಗೆ ಮಾಡುವುದನ್ನು ಅಲ್ಲೇ ಕಲಿತರು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂದೊ ಎಂಬ ಹಳ್ಳಿಯಲ್ಲಿ ಹೀಗೆ ಎದ್ದ ಪ್ರಾಥಮಿಕ ಶಾಲೆ 2001ರಲ್ಲಿ ಮುಗಿಯಿತು. ಸಾಲಾಗಿ ಮೂರು ಕೋಣೆ, ಮೇಲೊಂದು ತಗಡಿನ ಛಾವಣಿ, ಅಷ್ಟೇ. ಆದರೆ ಶಾಲೆಯ ಕಟ್ಟಡ ಮಕ್ಕಳಿಗೆ ಏನನ್ನು ಕಲಿಸಬಹುದು ಅನ್ನೋ ಪ್ರಶ್ನೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದೇ.

ಪರಿಸರಸ್ನೇಹಿ ಶಾಲೆ ಅಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಛಾವಣಿ ಮೇಲೆ ಸೋಲಾರ್ ಫಲಕ, ಕಾಂಪೌಂಡಿಗೆ ಹಸಿರು ಬಣ್ಣ, ನಲ್ಲಿ ಪಕ್ಕದಲ್ಲಿ 'ನೀರು ಉಳಿಸಿ' ಅನ್ನೋ ಬರಹ. ಇವು ಇರಲಿ, ಬೇಡ ಅನ್ನುತ್ತಿಲ್ಲ. ಆದರೆ ಮಕ್ಕಳು ಆ ಬರಹವನ್ನು ಒಂದು ವಾರ ಓದುತ್ತಾರೆ, ಆಮೇಲೆ ಅದು ಗೋಡೆಯಲ್ಲೇ ಸೇರಿಹೋಗುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಕಟ್ಟಡ ಪಾಠ ಹೇಳಬೇಕಾದರೆ ಅದು ಹೇಗೆ ಎದ್ದಿತು ಅನ್ನೋದು ಮಕ್ಕಳಿಗೆ ಗೊತ್ತಿರಬೇಕು, ಅದು ಮಾಡುವ ಕೆಲಸ ಕಣ್ಣಿಗೆ ಕಾಣಬೇಕು, ಒಂದಿಷ್ಟಾದರೂ ಕೈಗೆ ಸಿಗಬೇಕು. ಗಾಂದೊದಲ್ಲಿ ಇವೆಲ್ಲ ಒಟ್ಟಿಗೆ ಕೂಡಿ ಬಂದಿವೆ. ಅದಕ್ಕೇ ಈ ಪ್ರಕರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಸೆಕೆಯ ಕೋಣೆಯಲ್ಲಿ ಕೂತ ಹುಡುಗ

ಕಥೆ ಶುರುವಾಗುವುದು ಇನ್ನೊಂದು ಶಾಲೆಯಿಂದ, ಅದೂ ಚೆನ್ನಾಗಿಲ್ಲದ ಶಾಲೆಯಿಂದ.

ಗಾಂದೊ ಶಾಲೆಯನ್ನು ರೂಪಿಸಿದ ವಾಸ್ತುಶಿಲ್ಪಿ ಡಿಯೆಬೆಡೊ ಫ್ರಾನ್ಸಿಸ್ ಕೆರೇ ಹುಟ್ಟಿದ್ದು 1965ರಲ್ಲಿ, ಇದೇ ಗಾಂದೊದಲ್ಲಿ, ಊರಿನ ಮುಖ್ಯಸ್ಥರ ಹಿರಿಮಗನಾಗಿ. ಆಗ ಊರಲ್ಲಿ ಶಾಲೆಯೇ ಇರಲಿಲ್ಲ. ಹಾಗಾಗಿ ಏಳನೇ ವಯಸ್ಸಿಗೇ ಮನೆ ಬಿಟ್ಟು ತೆಂಕೊದೊಗೊ ಎಂಬ ಪಟ್ಟಣಕ್ಕೆ ಹೋಗಬೇಕಾಯಿತು. ಗಾಂದೊದಿಂದ ಶಾಲೆಗೆ ಹೋದ ಮೊದಲ ಮಗು ಅವರು. ಹೋಗಿ ಕೂತದ್ದು ಎಂಥ ಕೋಣೆಯಲ್ಲಿ ಗೊತ್ತಾ? ಸಿಮೆಂಟ್ ಇಟ್ಟಿಗೆಯ ಗೋಡೆ, ಸರಿಯಾದ ಬೆಳಕಿಲ್ಲ, ಗಾಳಿ ಆಡುವುದಿಲ್ಲ, ಒಂದೇ ಕೋಣೆಯಲ್ಲಿ ನೂರಕ್ಕೂ ಜಾಸ್ತಿ ಮಕ್ಕಳು. ಹೊರಗೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ದೇಶ ಅದು. ಒಳಗೆ ಹೇಗಿದ್ದಿರಬೇಕು, ನೀವೇ ಯೋಚನೆ ಮಾಡಿ.

ಆ ಕೋಣೆ ಹುಡುಗನಿಗೆ ಒಂದು ಪಾಠ ಕಲಿಸಿಬಿಟ್ಟಿತು: ಕಲಿಯಬೇಕಾದರೆ ಮೊದಲು ಕೂರಲು ಆಗಬೇಕು. ಕಟ್ಟಡಗಳು ಕಲಿಸುತ್ತವೆ ಅನ್ನುವಾಗ ನಾವು ಒಳ್ಳೆಯ ಕಟ್ಟಡಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ. ಕೆಟ್ಟ ಕಟ್ಟಡವೂ ದಿನಾ ಏನನ್ನೋ ಹೇಳುತ್ತಿರುತ್ತದೆ. 'ನಿನ್ನ ಸುಖದುಃಖ ಯಾರಿಗೂ ಬೇಕಿಲ್ಲ' ಅಂತಲೋ, 'ಸುಮ್ನೆ ಸಹಿಸಿಕೋ' ಅಂತಲೋ. ಹೆಚ್ಚಿನ ಮಕ್ಕಳು ಅದನ್ನೇ ಕಲಿತು ಸುಮ್ಮನಾಗುತ್ತಾರೆ, ಈ ಹುಡುಗ ಸುಮ್ಮನಾಗಲಿಲ್ಲ.

ಇನ್ನೊಂದು ಸಂಗತಿಯನ್ನು ಫ್ರಾನ್ಸಿಸ್ ಅವರೇ ಮುಂದೆ ಭಾಷಣವೊಂದರಲ್ಲಿ ಹೇಳಿಕೊಂಡಿದ್ದಾರೆ. ರಜೆಗೆ ಊರಿಗೆ ಬಂದು ಮತ್ತೆ ಹೊರಡುವಾಗ ಮನೆಮನೆಗೂ ಹೋಗಿ ಹೇಳಿ ಬರಬೇಕಿತ್ತಂತೆ. ಆಗ ಊರಿನ ಹೆಂಗಸರು ಒಬ್ಬೊಬ್ಬರೂ ಬಟ್ಟೆಯೊಳಗಿಂದ ತಮ್ಮಲ್ಲಿದ್ದ ಕೊನೆಯ ಪುಡಿಗಾಸು ತೆಗೆದು ಕೈಗಿಡುತ್ತಿದ್ದರು. ಇವರೆಲ್ಲ ಯಾಕೆ ನನಗೆ ಇಷ್ಟು ಪ್ರೀತಿ ತೋರಿಸುತ್ತಾರೆ ಅಂತ ಹುಡುಗ ಅಮ್ಮನನ್ನು ಕೇಳಿದ. ನಿನ್ನ ಓದಿಗೆ ಕೊಡುತ್ತಿದ್ದಾರೆ, ನೀನು ಗೆದ್ದು ಬಂದು ಒಂದು ದಿನ ಊರಿನ ಬದುಕು ಸುಧಾರಿಸ್ತೀಯ ಅನ್ನೋ ಆಸೆ ಅವರಿಗೆ ಅಂತ ಅಮ್ಮ ಹೇಳಿದರು. ಆ ಚಿಲ್ಲರೆ ಕಾಸು ಮರಳಿ ಬಂದದ್ದು ಮೂರು ತರಗತಿಗಳಾಗಿ.

ಫ್ರಾನ್ಸಿಸ್ 1985ರಲ್ಲಿ ಬಡಗಿ ಕೆಲಸ ಕಲಿಯಲು ವಿದ್ಯಾರ್ಥಿವೇತನ ಪಡೆದು ಬರ್ಲಿನ್‌ಗೆ ಹೋದರು. ಹಗಲು ಮರಗೆಲಸ, ಸಂಜೆ ಶಾಲೆ. ಆಮೇಲೆ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಲು ಸೇರಿದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1998ರಲ್ಲಿ, ಊರಲ್ಲಿ ಶಾಲೆ ಕಟ್ಟಲು ಹಣ ಕೂಡಿಸುವ ಒಂದು ಸಂಸ್ಥೆ ಶುರುಮಾಡಿದರು. ಅದರ ಜರ್ಮನ್ ಹೆಸರಿನ ಅರ್ಥ ಹೆಚ್ಚುಕಮ್ಮಿ 'ಗಾಂದೊಗೆ ಶಾಲೆಯ ಇಟ್ಟಿಗೆಗಳು' ಅಂತ. ಪದವಿ ಕೈಗೆ ಬಂದದ್ದು 2004ರಲ್ಲಿ. ಅಷ್ಟರಲ್ಲಿ ಶಾಲೆ ಶುರುವಾಗಿ ಮೂರು ವರ್ಷ ಆಗಿತ್ತು!

ಮಣ್ಣಾ? ಮಳೆಗಾಲಕ್ಕೆ ಕರಗಿಹೋಗಲ್ವಾ?

ಜರ್ಮನಿಯಲ್ಲಿ ಓದಿದ ಮಗ ಊರಿಗೆ ಶಾಲೆ ಕಟ್ಟಿಸುತ್ತಾನೆ ಅಂತ ಕೇಳಿ ಎಲ್ಲರಿಗೂ ಖುಷಿಯೋ ಖುಷಿ. ಮಣ್ಣಲ್ಲಿ ಕಟ್ಟುತ್ತೇನೆ ಅಂದಾಗ ಖುಷಿ ಇಳಿದುಹೋಯಿತು. ಮಣ್ಣಿನ ಮನೆ ಒಂದು ಮಳೆಗಾಲ ತಡೆಯೋದೇ ಕಷ್ಟ, ಅಂಥದ್ದರಲ್ಲಿ ಇವನು ಶಾಲೆ ಕಟ್ಟಿಸುತ್ತಾನಂತೆ, ನಮ್ಮ ಜೊತೆ ಹೊಲದಲ್ಲಿ ದುಡಿಯೋದು ಬಿಟ್ಟು ಅಷ್ಟು ವರ್ಷ ಯುರೋಪಿನಲ್ಲಿ ಓದಿದ್ದು ಇದಕ್ಕಾ? ಊರಿನವರ ಮಾತಿನ ಸಾರ ಇದು, ಫ್ರಾನ್ಸಿಸ್ ಅವರೇ ಹೇಳಿದಂತೆ.

ಅವರ ಅನುಮಾನ ತಪ್ಪಲ್ಲ. ಮಳೆ ಹೊಡೆದರೆ ಮಣ್ಣಿನ ಗೋಡೆ ತೊಯ್ದು ಉಬ್ಬುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ, ಬುಡ ಸವೆದು ಕೊನೆಗೆ ಕುಸಿಯುತ್ತದೆ. ಪ್ರತಿ ವರ್ಷ ದುರಸ್ತಿ ಮಾಡಿ ಮಾಡಿ ಸಾಕಾಗಿರುವ ಜನಕ್ಕೆ ಸಿಮೆಂಟ್ ದೊಡ್ಡದಾಗಿ ಕಂಡರೆ ಅದರಲ್ಲಿ ಅಚ್ಚರಿ ಏನಿದೆ? ಮಣ್ಣು ಅಂದರೆ ಬಡತನ, ಸಿಮೆಂಟ್ ಅಂದರೆ ಮುಂದೆ ಬಂದ ಹಾಗೆ. ಈ ಲೆಕ್ಕ ಎಷ್ಟೋ ದೇಶಗಳಲ್ಲಿ ಜನರ ತಲೆಯೊಳಗೆ ಗಟ್ಟಿಯಾಗಿ ಕೂತಿದೆ. ಮಕ್ಕಳೂ ಇದನ್ನೇ ಕಲಿತು ಬೆಳೆಯುತ್ತಾರೆ. ಯಾವ ಪಠ್ಯದಲ್ಲೂ ಇಲ್ಲದ, ಆದರೆ ಎಲ್ಲರಿಗೂ ಬಾಯಿಪಾಠವಾದ ಪಾಠ ಇದು.

ಇದನ್ನು ಮಾತಲ್ಲಿ ಬದಲಿಸೋದು ಕಷ್ಟ. ನಕ್ಷೆ ತೋರಿಸೋಣ ಅಂದರೆ ಊರಲ್ಲಿ ಬಹಳ ಮಂದಿಗೆ ಓದು ಬರಹವೇ ಬಾರದು, ನಕ್ಷೆ ಹೇಗೆ ಓದಿಯಾರು? ಹಾಗಾಗಿ ಅಲ್ಲಿ ನಡೆದದ್ದೆಲ್ಲ ಮಾಡಿ ತೋರಿಸುವ ಪಾಠ. ಮುಂದೆ ಶಾಲೆಯನ್ನು ವಿಸ್ತರಿಸುವಾಗ ಛಾವಣಿಗೆ ಮಣ್ಣಿನ ಕಮಾನು ಹಾಕುವ ಯೋಚನೆ ಬಂತು. ಊರಿಗೆ ಅದು ಪೂರ್ತಿ ಹೊಸದು. ಫ್ರಾನ್ಸಿಸ್ ಒಂದು ಮಾದರಿ ಕಮಾನು ಕಟ್ಟಿಸಿದರು. ಒಣಗಿದ ಮೇಲೆ ತಾವೇ ತಮ್ಮ ಕೆಲಸಗಾರರ ಜೊತೆ ಅದರ ಮೇಲೆ ಹತ್ತಿ ಕುಣಿದರು. ಊರಿಗೆ ಊರೇ ನಿಂತು ನೋಡುತ್ತಿತ್ತು. ಕಮಾನು ಅಲುಗಲಿಲ್ಲ. ಕಮಾನಿನ ಬಲದ ಬಗ್ಗೆ ಭೌತಶಾಸ್ತ್ರದಲ್ಲಿ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ. ಭಾರ ಮೇಲಿಂದ ಬೀಳುತ್ತದೆ, ಕಮಾನು ಅದನ್ನು ಎರಡೂ ಕಡೆಗೆ ಹಂಚಿ ನೆಲಕ್ಕೆ ಇಳಿಸುತ್ತದೆ, ಮಣ್ಣಿಗೆ ಎಳೆತ ತಡೆಯಲು ಆಗದಿದ್ದರೂ ಒತ್ತಡ ತಡೆಯುವುದು ಚೆನ್ನಾಗಿ ಗೊತ್ತು.

ಕಟ್ಟಿದ ಬಗೆ

ಇಟ್ಟಿಗೆ ಮಾಡುವ ತರಬೇತಿಗೆ ಬುರ್ಕಿನಾ ಫಾಸೊ ಸರ್ಕಾರದ ಲೋಕೊಮಾಟ್ ಎಂಬ ಸಂಸ್ಥೆಯ ನೆರವು ಸಿಕ್ಕಿತು. ಅಲ್ಲಿನದೇ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಅಚ್ಚಿನಲ್ಲಿ ಹಾಕಿ ಬಿಗಿಯಾಗಿ ಒತ್ತುವುದು. ಒತ್ತಿದಾಗ ಮಣ್ಣಿನ ಕಣಗಳ ನಡುವಿನ ಟೊಳ್ಳು ಕಮ್ಮಿಯಾಗುತ್ತದೆ. ಸಿಮೆಂಟ್ ಕಣಗಳನ್ನು ಕಟ್ಟಿಹಾಕುತ್ತದೆ, ಹಾಗಾಗಿ ನೀರು ಬಿದ್ದರೂ ಇಟ್ಟಿಗೆ ಬಿಟ್ಟುಕೊಳ್ಳುವುದಿಲ್ಲ. ಮುಖ್ಯವಾಗಿ ಈ ಇಟ್ಟಿಗೆಯನ್ನು ಗೂಡಿನಲ್ಲಿ ಸುಡಬೇಕಾಗಿಲ್ಲ, ಅಂದರೆ ಒಂದೇ ಒಂದು ಕಟ್ಟಿಗೆಯೂ ಬೇಡ. ಮರಗಳೇ ಅಪರೂಪವಾಗುತ್ತಿರುವ ಒಣ ನೆಲದಲ್ಲಿ ಇದು ಸಣ್ಣ ಮಾತಲ್ಲ.

ನೆಲ ಮಾಡಿದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲು ಯುವಕರು ನಿಂತುಕೊಂಡು ಗಂಟೆಗಟ್ಟಲೆ ಮಣ್ಣು ಬಡಿಯುತ್ತಾರೆ. ಆಮೇಲೆ ಅವರ ತಾಯಂದಿರು ಬರುತ್ತಾರೆ. ಬಗ್ಗಿ ನಿಂತು, ನೀರು ಚಿಮುಕಿಸುತ್ತ, ಮತ್ತೆ ಗಂಟೆಗಟ್ಟಲೆ ಬಡಿಯುತ್ತಾರೆ. ಕೊನೆಗೆ ಕಲ್ಲು ಹಿಡಿದು ಉಜ್ಜುವವರು ಕೂರುತ್ತಾರೆ, ದಿನವಿಡೀ ಉಜ್ಜುತ್ತಾರೆ. ಹಾಗೆ ಉಜ್ಜಿ ಉಜ್ಜಿ ಮಾಡಿದ ನೆಲ ಎಳೆಮಗುವಿನ ಚರ್ಮದಷ್ಟು ನುಣುಪು ಅಂತ ಫ್ರಾನ್ಸಿಸ್ ಹೆಮ್ಮೆಯಿಂದ ಹೇಳುತ್ತಾರೆ. ಆ ನೆಲದ ಮೇಲೆ ಕೂತ ಮಗುವಿಗೆ ಅದು ತನ್ನ ಅಮ್ಮನೋ ಅಜ್ಜಿಯೋ ಉಜ್ಜಿದ ನೆಲ ಅಂತ ಗೊತ್ತು. ಅದರ ಮೇಲೆ ಗೀಚೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ?

ಛಾವಣಿಗೆ ಬೇರೆ ಕಷ್ಟ ಎದುರಾಯಿತು. ಅಷ್ಟು ದೂರದ ಹಳ್ಳಿಗೆ ದೊಡ್ಡ ಉಕ್ಕಿನ ತೊಲೆಗಳನ್ನು ತರುವುದು ಹೇಗೆ, ತಂದರೂ ಕ್ರೇನ್ ಇಲ್ಲದೆ ಎತ್ತುವುದು ಹೇಗೆ? ಅದಕ್ಕೆ ಎಲ್ಲ ಕಡೆ ಸಿಗುವ ಮಾಮೂಲಿ ಕಂಬಿಗಳನ್ನೇ ತಂದು, ಕತ್ತರಿಸಿ, ಅಲ್ಲೇ ವೆಲ್ಡ್ ಮಾಡಿ ಹಗುರವಾದ ಜಾಲರಿ ಚೌಕಟ್ಟು ಕಟ್ಟಿದರು. ಊರಿನವರಿಗೆ ಕಲಿಸಬೇಕಾಗಿದ್ದದ್ದು ಎರಡೇ: ಗರಗಸ ಹಿಡಿಯುವುದು, ಸಣ್ಣ ವೆಲ್ಡಿಂಗ್ ಯಂತ್ರ ನಡೆಸುವುದು. ನನಗೆ ಈ ನಿರ್ಧಾರ ಬಹಳ ಇಷ್ಟ. ನಾಳೆ ಒಂದು ಕಡೆ ಕಂಬಿ ಬಿಟ್ಟುಕೊಂಡರೆ ಪಟ್ಟಣದಿಂದ ಯಾರೋ ಬರಬೇಕು ಅಂತ ಕಾಯಬೇಕಿಲ್ಲ. ಕಟ್ಟಿದವರೇ ಊರಲ್ಲಿದ್ದಾರೆ.

ಮಕ್ಕಳಿಂದ ಕಲ್ಲು ಹೊರಿಸಿದ್ದು ಸರಿಯಾ ಅಂತ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಾಮಗಾರಿಯ ದುಡಿಮೆಯನ್ನು ಮಕ್ಕಳ ಹೆಗಲಿಗೆ ಹಾಕುವುದನ್ನು ನಾನು ಯಾವತ್ತೂ ಒಪ್ಪಲ್ಲ. ಆದರೆ ಇಡೀ ಊರು ಕೈಹಾಕಿದ ಕೆಲಸದಲ್ಲಿ ಮಕ್ಕಳಿಗೂ ಅವರ ಅಳತೆಗೆ ತಕ್ಕ ಪಾಲು ಸಿಗುವುದು ಬೇರೆ ಮಾತು. ಆ ಪಾಲು ಚಿಕ್ಕದಾಗಿರಬೇಕು, ಅಪಾಯ ಇರಬಾರದು, ಮತ್ತು ಅದರಿಂದ ಕಟ್ಟಡಕ್ಕೆ ನಿಜವಾಗಿ ಏನಾದರೂ ಸೇರಬೇಕು. ಫೋಟೋ ತೆಗೆಸಿಕೊಳ್ಳೋಕೆ ಮಾತ್ರ ಕೈಯಲ್ಲಿ ಒಂದು ಸಸಿ ಕೊಟ್ಟರೆ ಮಕ್ಕಳಿಗೆ ಅದು ಸುಳ್ಳು ಅಂತ ತಕ್ಷಣ ಗೊತ್ತಾಗಿಬಿಡುತ್ತೆ.

ತಲೆ ಎತ್ತಿ ನೋಡಿದರೆ ಕಾಣುವ ಪಾಠ

ಈಗ ಕಟ್ಟಡದ ಒಳಗೆ ಬನ್ನಿ. ಗೋಡೆಗೆ ಗಾರೆ ಇಲ್ಲ. ಪ್ರತಿ ಇಟ್ಟಿಗೆಯೂ ಬಿಡಿಬಿಡಿಯಾಗಿ ಕಾಣುತ್ತದೆ, ಒಂದರ ಮೇಲೊಂದು ಹೇಗೆ ಕೂತಿದೆ, ಮೇಲಿನ ಸಾಲು ಕೆಳಗಿನ ಸಾಲಿನ ಸಂದಿಯನ್ನು ಹೇಗೆ ಮುಚ್ಚಿದೆ ಅಂತ ಬೆರಳಿಟ್ಟು ಎಣಿಸಬಹುದು. ಮೇಲೆ ನೋಡಿದರೆ ಕಾಂಕ್ರೀಟಿನ ತೊಲೆಗಳು, ಅವುಗಳ ಮೇಲೆ ಅಡ್ಡ ಹಾಕಿದ ಕಂಬಿಗಳು, ಕಂಬಿಗಳ ಮೇಲೆ ಮಣ್ಣಿನ ಇಟ್ಟಿಗೆಗಳದೇ ಒಳಛಾವಣಿ. ಅದರ ಮೇಲೆ ಬಹಳ ಜಾಗ ಬಿಟ್ಟು, ಕಂಬಿಯ ಚೌಕಟ್ಟಿನ ಮೇಲೆ ತಗಡು. ಯಾವುದು ಯಾವುದನ್ನು ಹೊತ್ತಿದೆ ಅನ್ನೋದಕ್ಕೆ ಮೇಷ್ಟ್ರು ಬಾಯಿ ಬಿಡಬೇಕಿಲ್ಲ.

ಎರಡು ಛಾವಣಿಗಳ ನಡುವಿನ ಆ ಖಾಲಿ ಜಾಗವೇ ಈ ಶಾಲೆಯ ಜೀವ. ತಗಡು ಬಿಸಿಲಿಗೆ ಕಾದು ಕೆಂಡವಾಗುತ್ತದೆ. ಅದನ್ನು ನೇರ ಕೋಣೆಯ ಮೇಲೆ ಹೊದಿಸಿದರೆ ಒಳಗಿದ್ದವರು ಒಲೆಯೊಳಗೆ ಕೂತ ಹಾಗೆ. ಅಗ್ಗ ಅಂತ ಹಾಕಿದ ತಗಡಿನ ಕೆಳಗೆ ಎಷ್ಟು ಕಡೆ ಮಕ್ಕಳು ಹೀಗೇ ಬೇಯುತ್ತಿದ್ದಾರೋ! ಇಲ್ಲಿ ಅದೇ ತಗಡನ್ನು ಮೇಲಕ್ಕೆ ಎತ್ತಿದ್ದಾರೆ. ತಗಡಿನ ಕೆಳಗೆ ಕಾದ ಗಾಳಿಯನ್ನು ಬೀಸುವ ಗಾಳಿ ತಳ್ಳಿಕೊಂಡು ಹೋಗುತ್ತದೆ. ಕೋಣೆಯೊಳಗಿನ ಬಿಸಿ ಗಾಳಿ ಹಗುರವಾಗಿ ಮೇಲೇರಿ ಒಳಛಾವಣಿಯ ಸಂದಿಗಳಿಂದ ಹೊರಬೀಳುತ್ತದೆ, ಅದು ಖಾಲಿ ಮಾಡಿದ ಜಾಗಕ್ಕೆ ಕಿಟಕಿಯಿಂದ ಹೊಸ ಗಾಳಿ ಬರುತ್ತದೆ. ವಿದ್ಯುತ್ ಇಲ್ಲ, ಫ್ಯಾನ್ ಇಲ್ಲ, ಆದರೂ ಗಾಳಿ ಹರಿಯುತ್ತಲೇ ಇರುತ್ತದೆ.

ಇನ್ನೊಂದು ಜಾಣತನ ನೋಡಿ. ಅದೇ ತಗಡನ್ನು ಗೋಡೆಗಿಂತ ಬಹಳ ಹೊರಕ್ಕೆ ಚಾಚಿದ್ದಾರೆ. ಮಳೆ ಬಂದರೆ ನೀರು ಗೋಡೆಯಿಂದ ದೂರ ಬೀಳುತ್ತದೆ. ಊರಿನವರು ಹೆದರಿದ್ದು ಇದಕ್ಕೇ ಅಲ್ವಾ, ಮಣ್ಣು ಮಳೆಗೆ ಕರಗುತ್ತೆ ಅಂತ? ಸೂರು ಉದ್ದ ಮಾಡಿದ್ದರಿಂದ ಆ ಹೆದರಿಕೆ ಮುಗಿಯಿತು. ಬಿಸಿಲೂ ಗೋಡೆಗೆ ನೇರ ತಾಗುವುದಿಲ್ಲ. ಮೂರು ಕೋಣೆಗಳನ್ನು ಒಂದಕ್ಕೊಂದು ಅಂಟಿಸದೆ ನಡುವೆ ಜಾಗ ಬಿಟ್ಟು, ಅದರ ಮೇಲೂ ಅದೇ ಛಾವಣಿ ಹೊದಿಸಿದ್ದಾರೆ. ಅಲ್ಲಿ ನೆರಳಲ್ಲಿ ಪಾಠವೂ ನಡೆಯುತ್ತದೆ, ಆಟವೂ ನಡೆಯುತ್ತದೆ.

ದಪ್ಪ ಮಣ್ಣಿನ ಗೋಡೆಯ ಗುಣ ಇನ್ನೂ ಸೂಕ್ಷ್ಮ. ಮಣ್ಣು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಬೆಳಿಗ್ಗೆಯ ಬಿಸಿಲು ಹೊರಮೈಗೆ ತಾಗಿದರೆ ಆ ಶಾಖ ಗೋಡೆ ದಾಟಿ ಒಳಮೈಗೆ ಬರುವ ಹೊತ್ತಿಗೆ ಗಂಟೆಗಳೇ ಕಳೆದಿರುತ್ತವೆ, ಶಾಲೆ ಬಿಡುವ ಹೊತ್ತು ಹತ್ತಿರವಾಗಿರುತ್ತದೆ. ರಾತ್ರಿ ತಂಪಿಗೆ ಗೋಡೆ ಮತ್ತೆ ತಣ್ಣಗಾಗಿ ಮರುದಿನಕ್ಕೆ ಸಿದ್ಧ. ಇದನ್ನು ಪುಸ್ತಕದಲ್ಲಿ ಓದಿದರೆ ಮಕ್ಕಳಿಗೆ ತಲೆಗೆ ಹತ್ತುವುದು ಕಷ್ಟ. ಮಧ್ಯಾಹ್ನ ಗೋಡೆಯ ಹೊರಗೊಂದು ಅಂಗೈ, ಒಳಗೊಂದು ಅಂಗೈ ಇಟ್ಟರೆ ಮುಗಿಯಿತು.

ಕಿಟಕಿಗಳಿಗೆ ತಿರುಗಿಸಬಹುದಾದ ಲೋಹದ ಪಟ್ಟಿಗಳಿವೆ. ಗಾಳಿ ಬೇಕಾದರೆ ತೆರೆ, ಧೂಳು ಎದ್ದರೆ ಮುಚ್ಚು, ಬೆಳಕು ಕಣ್ಣಿಗೆ ಹೊಡೆದರೆ ವಾಲಿಸು. ನನ್ನ ಪ್ರಕಾರ ಇಡೀ ಕಟ್ಟಡದಲ್ಲಿ ಮಕ್ಕಳ ದೃಷ್ಟಿಯಿಂದ ಅತಿ ಬೆಲೆಬಾಳುವ ಭಾಗ ಇದು. ಎಲ್ಲವೂ ತಾನೇ ನಡೆಯುವ ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಮಗು ಅದರಲ್ಲಿ ಬರೀ ಅತಿಥಿ. ಒಂದು ಪಟ್ಟಿಯನ್ನು ತನ್ನ ಕೈಯಾರೆ ವಾಲಿಸಿ ಕೋಣೆ ತಂಪಾಗುವುದನ್ನು ಕಂಡ ಮಗು ಅತಿಥಿಯಲ್ಲ, ಮನೆಯವಳು.

ದುಡ್ಡಿರುವ ಕಡೆ ಇದೇ ಕೆಲಸ

ಇದು ಬಡ ಊರಿನ ಉಪಾಯ ಅಷ್ಟೇ ಅಂದುಕೊಳ್ಳಬೇಡಿ. ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿರುವ ಸಿಡ್‌ವೆಲ್ ಫ್ರೆಂಡ್ಸ್ ಶಾಲೆ ಅನುಕೂಲವಂತ ಖಾಸಗಿ ಶಾಲೆ. ಅಲ್ಲಿನ ಮಧ್ಯಮ ತರಗತಿಗಳ ಕಟ್ಟಡವನ್ನು 2006ರಲ್ಲಿ ಕೀರನ್‌ಟಿಂಬರ್‌ಲೇಕ್ ಎಂಬ ವಾಸ್ತುಶಿಲ್ಪಿಗಳ ತಂಡ ಹೊಸದಾಗಿ ರೂಪಿಸಿತು. ಕಟ್ಟಡದ ಕೊಳಚೆ ನೀರು ಅಂಗಳದಲ್ಲೇ ಮೆಟ್ಟಿಲುಮೆಟ್ಟಿಲಾಗಿ ಮಾಡಿದ ಜೌಗು ತೋಟದ ಮೂಲಕ ಹರಿಯುತ್ತದೆ. ಗಿಡಗಳ ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳು ಅದರ ಕೊಳೆ ತಿನ್ನುತ್ತವೆ, ಶುದ್ಧವಾದ ನೀರು ಮತ್ತೆ ಶೌಚಾಲಯಕ್ಕೇ ಹೋಗುತ್ತದೆ. ಕಿಟಕಿಗೆ ಹಾಕಿದ ನೆರಳಿನ ಪಟ್ಟಿಗಳು ದಕ್ಷಿಣಕ್ಕೆ ಅಡ್ಡಡ್ಡ, ಪೂರ್ವ ಪಶ್ಚಿಮಕ್ಕೆ ಉದ್ದುದ್ದ. ಕಟ್ಟಡದ ಸುತ್ತ ಒಂದು ಸುತ್ತು ಹಾಕಿದ ಮಗುವಿಗೆ ಸೂರ್ಯ ಎಲ್ಲಿಂದ ಎಲ್ಲಿಗೆ ಹೋಗುತ್ತಾನೆ ಅನ್ನೋದು ಆ ಪಟ್ಟಿಗಳಿಂದಲೇ ತಿಳಿಯುತ್ತದೆ.

ನನಗೆ ಅಲ್ಲಿ ಮನಸೋತದ್ದು ಗಾಳಿಗಂಟೆಗಳಿಗೆ. ಬಿಸಿ ಗಾಳಿಯನ್ನು ಮೇಲಕ್ಕೆಳೆಯುವ ಚಿಮಣಿಗಳನ್ನು ಕಟ್ಟಿ, ಅವುಗಳೊಳಗೆ ಗಾಳಿಗಂಟೆಗಳನ್ನು ತೂಗುಹಾಕಿದ್ದಾರೆ. ಚಿಮಣಿ ಕೆಲಸ ಮಾಡುತ್ತಿದ್ದರೆ ಗಂಟೆ ಕಿಣಿಕಿಣಿ ಅನ್ನುತ್ತದೆ. ಕಣ್ಣಿಗೆ ಕಾಣದ ಗಾಳಿಯನ್ನು ಕಿವಿಗೆ ಕೇಳಿಸಿದ್ದಾರೆ, ಎಂಥ ಚಂದದ ಯೋಚನೆ! ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ, ಬೇಕಾದ್ದು ಮಕ್ಕಳ ಬಗ್ಗೆ ಒಂದು ಕ್ಷಣದ ಯೋಚನೆ.

ಭಾರತದಲ್ಲಿ ಕಬೀರ್ ವಾಜಪೇಯಿ ಮತ್ತು ಅವರ ವಿನ್ಯಾಸ್ ಸಂಸ್ಥೆ ಬೆಳೆಸಿದ 'ಬಾಲಾ' (Building as Learning Aid, ಅಂದರೆ ಕಟ್ಟಡವೇ ಕಲಿಕೆಯ ಸಾಧನ) ಎಂಬ ಕ್ರಮವೂ ಇದೇ ದಾರಿಯದು. ಬಾಗಿಲು ತಿರುಗುವ ಜಾಗದಲ್ಲಿ ನೆಲದ ಮೇಲೆ ಕೋನಮಾಪಕ ಬರೆದುಬಿಡುವುದು ಅದರ ಹೆಸರಾಂತ ಉಪಾಯ. ಬಾಗಿಲು ತೆರೆದಂತೆಲ್ಲ ಕೋನ ಹಿಗ್ಗುತ್ತದೆ. ಇರುವ ಕಟ್ಟಡವನ್ನು ಕೆಡವದೆಯೇ ಮಾಡಬಹುದಾದ ಕೆಲಸ ಇದು. ಆದರೆ ಇದನ್ನು ಅರೆಬರೆ ತಿಳಿದುಕೊಂಡವರು ಗೋಡೆ ತುಂಬ ಚಿತ್ರ ಬರೆಸಿ ಮುಗಿಯಿತು ಅಂದುಬಿಡುತ್ತಾರೆ. ಬಾಗಿಲಿನ ಕೋನಮಾಪಕ ಗೆದ್ದದ್ದು ಬಣ್ಣದಿಂದಲ್ಲ, ಬಾಗಿಲು ನಿಜವಾಗಿ ತಿರುಗುವುದರಿಂದ.

ಇಂಥ ಶಾಲೆ ಸಿಕ್ಕಿದ ಮೇಷ್ಟ್ರು ಏನು ಮಾಡಬಹುದು

ಕಟ್ಟಡ ಎಷ್ಟೇ ಚೆನ್ನಾಗಿರಲಿ, ಮೇಷ್ಟ್ರು ಅದರ ಕಡೆ ಬೆರಳು ತೋರಿಸದಿದ್ದರೆ ಅರ್ಧ ಪಾಠ ಹಾಗೇ ಉಳಿಯುತ್ತದೆ. ನಾನಾಗಿದ್ದರೆ ಮೊದಲು ಎರಡು ಥರ್ಮಾಮೀಟರ್ ತರುತ್ತಿದ್ದೆ. ಒಂದನ್ನು ನೆಲದ ಹತ್ತಿರ, ಇನ್ನೊಂದನ್ನು ಒಳಛಾವಣಿಯ ಹತ್ತಿರ ಕಟ್ಟಿ ಪ್ರತಿ ಗಂಟೆಗೊಮ್ಮೆ ಮಕ್ಕಳ ಕೈಲೇ ಬರೆಸುವುದು. ಒಂದು ವಾರ ಆದ ಮೇಲೆ ಕಿಟಕಿ ಪಟ್ಟಿಗಳನ್ನೆಲ್ಲ ಮುಚ್ಚಿ ಇನ್ನೊಂದು ವಾರ. ಎರಡು ವಾರದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನಕ್ಷೆ ಎಳೆದರೆ ಗಣಿತವೂ ಆಯಿತು, ವಿಜ್ಞಾನವೂ ಆಯಿತು. ತೆಳ್ಳಗಿನ ಕಾಗದದ ಪಟ್ಟಿಯನ್ನು ಉದ್ದ ಕೋಲಿಗೆ ಕಟ್ಟಿ ಸಂದಿಯ ಹತ್ತಿರ ಹಿಡಿದರೆ ಗಾಳಿ ಯಾವ ಕಡೆ ಹೋಗುತ್ತಿದೆ ಅಂತ ಕಾಣುತ್ತದೆ.

ಮಣ್ಣಿನ ಪ್ರಯೋಗ ಇನ್ನೂ ಸುಲಭ. ಗಾಜಿನ ಬಾಟಲಿಯಲ್ಲಿ ಅರ್ಧ ಮಣ್ಣು, ಮೇಲೆ ನೀರು, ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ಗೋಡುಮಣ್ಣು ಕೂರುತ್ತದೆ. ಜೇಡಿ ಮಾತ್ರ ಬೇಗ ಇಳಿಯುವುದಿಲ್ಲ, ಒಂದು ದಿನ ಕಳೆದರೂ ನೀರು ಕದಡಿದಂತೆಯೇ ಇರಬಹುದು. ನೀರು ತಿಳಿಯಾದ ಮೇಲೆ ಪದರಗಳನ್ನು ಸ್ಕೇಲಿನಿಂದ ಅಳೆದರೆ ನಮ್ಮ ಕಾಲ ಕೆಳಗಿನ ಮಣ್ಣಲ್ಲಿ ಏನೇನಿದೆ ಅಂತ ಗೊತ್ತಾಗುತ್ತದೆ, ಅದು ಇಟ್ಟಿಗೆಗೆ ಬರುತ್ತಾ ಇಲ್ವಾ ಅನ್ನೋ ಅಂದಾಜೂ ಸಿಗುತ್ತದೆ. ಬರೀ ಮಣ್ಣಿನ ಇಟ್ಟಿಗೆ ಒಂದು, ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆ ಒಂದು, ಎರಡನ್ನೂ ನೀರಲ್ಲಿ ಮುಳುಗಿಸಿ ಸುಮ್ನೆ ಕಾಯಿರಿ. ಊರಿನ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಆ ಬಕೆಟ್ಟಿನಲ್ಲೇ ಇರುತ್ತದೆ.

ಎಚ್ಚರ ವಹಿಸಬೇಕಾದ ಕಡೆ

ಗಾಂದೊ ಶಾಲೆಯನ್ನು ಕಣ್ಣುಮುಚ್ಚಿ ನಕಲು ಮಾಡಿದರೆ ಕೆಡುತ್ತದೆ. ಎಲ್ಲ ಮಣ್ಣೂ ಇಟ್ಟಿಗೆಗೆ ಒಗ್ಗುವುದಿಲ್ಲ. ಜೇಡಿ ಜಾಸ್ತಿಯಾದರೆ ಬಿರುಕು, ಮರಳು ಜಾಸ್ತಿಯಾದರೆ ಪುಡಿ. ಹವೆಯಲ್ಲಿ ತೇವ ತುಂಬಿರುವ, ರಾತ್ರಿಯೂ ಸೆಕೆ ಇಳಿಯದ ಕಡೆ ದಪ್ಪ ಗೋಡೆ ಅಷ್ಟು ಕೆಲಸ ಮಾಡದು, ಅಲ್ಲಿ ಗಾಳಿಗೇ ಜಾಸ್ತಿ ದಾರಿ ಮಾಡಬೇಕು. ಚಳಿ ದೇಶದಲ್ಲಂತೂ ಒಳಛಾವಣಿಯಲ್ಲಿ ಸಂದಿ ಬಿಟ್ಟರೆ ಮಕ್ಕಳು ನಡುಗುತ್ತಾರೆ. ಗಾಂದೊದಿಂದ ಎತ್ತಿಕೊಳ್ಳಬೇಕಾದ್ದು ಕೇಳಿದ ಪ್ರಶ್ನೆಗಳನ್ನು: ಇಲ್ಲಿ ಏನು ಸಿಗುತ್ತದೆ, ಇಲ್ಲಿನ ಬಿಸಿಲು ಗಾಳಿ ಮಳೆ ಹೇಗೆ, ಇಲ್ಲಿನ ಜನಕ್ಕೆ ಏನು ಮಾಡಲು ಬರುತ್ತದೆ. ಉತ್ತರಗಳು ಪ್ರತಿ ಊರಲ್ಲೂ ಬೇರೆಯೇ ಆಗುತ್ತವೆ.

ಇನ್ನೊಂದನ್ನೂ ಮುಚ್ಚಿಡಬಾರದು. ಗಾಂದೊದಲ್ಲೂ ಸಿಮೆಂಟ್, ಕಂಬಿ, ತಗಡು ಹೊರಗಿನಿಂದಲೇ ಬಂದವು. ಹೊರಗಿನದನ್ನು ಕಮ್ಮಿ ಬಳಸಿ, ಬಳಸಿದ್ದನ್ನು ಸರಿಯಾದ ಜಾಗದಲ್ಲಿ ಇಟ್ಟರು ಅನ್ನೋದೇ ಅಲ್ಲಿನ ಹೆಚ್ಚುಗಾರಿಕೆ. ಎಲ್ಲವೂ ಮಣ್ಣಿನದೇ ಆಗಬೇಕು ಅಂತ ಹಟ ಹಿಡಿದಿದ್ದರೆ ಹಿರಿ ಜನರ ಅನುಮಾನವೇ ಗೆಲ್ಲುತ್ತಿತ್ತು. ಮಕ್ಕಳಿಗೂ ಇದನ್ನು ಹೀಗೇ ಹೇಳಬೇಕು. ಸಿಮೆಂಟ್ ಕೆಟ್ಟದ್ದು, ಮಣ್ಣು ಒಳ್ಳೆಯದು ಅಂತ ಕಥೆ ಕಟ್ಟಿದರೆ ಅದು ಹಳೇ ಬಾಯಿಪಾಠವನ್ನು ತಲೆಕೆಳಗು ಮಾಡಿದಷ್ಟೇ.

ಆಮೇಲೆ ನಡೆದದ್ದು

ಅಕ್ಕಪಕ್ಕದ ಎರಡು ಹಳ್ಳಿಗಳವರು ಗಾಂದೊ ನೋಡಿ ತಾವೂ ಒಟ್ಟಾಗಿ ಶಾಲೆ ಕಟ್ಟಿಕೊಂಡರು. ಅಲ್ಲಿನ ಆಡಳಿತ ಶಿಕ್ಷಕರನ್ನು ಕೊಟ್ಟು ಸಂಬಳವನ್ನೂ ಕೊಟ್ಟಿತು. ಶಾಲೆ ಕಟ್ಟುವಾಗ ಕೆಲಸ ಕಲಿತ ಯುವಕರನ್ನು ಅದೇ ವಿಧಾನದ ಸಾರ್ವಜನಿಕ ಕಾಮಗಾರಿಗಳಿಗೆ ತೆಗೆದುಕೊಳ್ಳಲು ಮುಂದಾಯಿತು. 2004ರಲ್ಲಿ ಶಾಲೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಅದೇ ವರ್ಷ ಶಿಕ್ಷಕರ ಮನೆಗಳು ಎದ್ದವು, 2008ರಲ್ಲಿ ಶಾಲೆಯ ವಿಸ್ತರಣೆ ಮುಗಿಯಿತು. 120 ಮಕ್ಕಳಿಂದ ಶುರುವಾದ ಶಾಲೆ 700 ಮಕ್ಕಳವರೆಗೆ ಬೆಳೆಯಿತು. 2022ರಲ್ಲಿ ಫ್ರಾನ್ಸಿಸ್‌ಗೆ ವಾಸ್ತುಶಿಲ್ಪದ ಅತಿ ದೊಡ್ಡ ಗೌರವ ಅನ್ನಿಸಿಕೊಂಡ ಪ್ರಿಟ್ಸ್‌ಕರ್ ಪ್ರಶಸ್ತಿ ಸಿಕ್ಕಿತು, ಆಫ್ರಿಕಾದಿಂದ ಅದನ್ನು ಪಡೆದ ಮೊದಲಿಗರು ಅವರು.

ಪ್ರಶಸ್ತಿಗಳಿಗಿಂತ ನನಗೆ ಹೆಚ್ಚು ಕಾಡುವುದು ಶಾಲೆಯ ಪಕ್ಕದ ಗ್ರಂಥಾಲಯ. ಅದರ ಛಾವಣಿಗೆ ಬೆಳಕು ಬರಲು, ಬಿಸಿ ಗಾಳಿ ಹೋಗಲು ತೂತು ಬೇಕಿತ್ತು. ಊರಿನ ಹೆಂಗಸರು ಮಡಕೆ ಮಾಡುವವರು. ಅವರಿಂದ ಮಡಕೆಗಳನ್ನು ತರಿಸಿ, ತಳ ಮತ್ತು ಮೇಲುಭಾಗ ಕತ್ತರಿಸಿ, ಛಾವಣಿಗೆ ಕಾಂಕ್ರೀಟ್ ಹಾಕುವಾಗ ಸಾಲಾಗಿ ನಡುವೆ ಇಟ್ಟುಬಿಟ್ಟರು. ಪುಸ್ತಕ ಓದುತ್ತ ಕೂತ ಮಗು ತಲೆ ಎತ್ತಿದರೆ ಕಾಣುವುದು ತನ್ನ ಮನೆಯಲ್ಲಿ ನೀರು, ಕಾಳು ತುಂಬಿಡುವ ಅದೇ ಮಡಕೆಯ ಬಾಯಿ, ಅದರ ತುಂಬ ಬೆಳಕು.